ನೇಕಾರರನ್ನೆಲ್ಲ ಒಂದೇ ಮಾಡಿದ ತಪ್ಪು

ಇಂಗ್ಲೆಂಡಿನ ಚರ್ಚುಗಳ ದೀಕ್ಷಾಸ್ನಾನದ ರಿಜಿಸ್ಟರ್‌ಗಳಲ್ಲಿ 1813ರಿಂದ ಒಂದು ಅಚ್ಚಾದ ಕಾಲಂ ಇದೆ. ಮಗುವಿನ ತಂದೆ ಏನು ಕೆಲಸ ಮಾಡುತ್ತಾನೆ ಅಂತ ಅಲ್ಲಿ ಬರೆಯಬೇಕಿತ್ತು. ಅಂಥ ಕಸುಬುಗಳಿಗೆ ಹಿಸ್ಕೋ ಕೋಡ್ ಹಾಕುವುದು ನನ್ನ ಕೆಲಸ. ಬೇರೆ ಬೇರೆ ದೇಶ, ಭಾಷೆಗಳ ಹಳೆಯ ಕಸುಬುಗಳನ್ನು ಹೋಲಿಸಿ ನೋಡಲು 2002ರಲ್ಲಿ ಬಂದ ಐದಂಕಿಯ ಪಟ್ಟಿ ಅದು.

ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ‘ವೀವರ್’ ಅನ್ನೋದನ್ನೇ ಪಾದ್ರಿಗಳು ಹತ್ತಾರು ಥರ ಬರೆದಿದ್ದರು. ಎಣಿಸಲು ಸುಲಭವಾಗಲಿ ಅಂತ ಟೈಪ್ ಮಾಡುವಾಗಲೇ ಎಲ್ಲವನ್ನೂ ನೇಕಾರ, 75400 ಅಂತ ತುಂಬಿಸಿಬಿಟ್ಟೆ. ‘ಮಾಸ್ಟರ್ ವೀವರ್’ ಅಂದರೆ ತನ್ನದೇ ಕಸುಬು ನಡೆಸುವವನು. ‘ಜರ್ನಿಮನ್ ವೀವರ್’ ಕೆಲಸ ಕಲಿತು ಇನ್ನೊಬ್ಬರ ಕೈಕೆಳಗೆ ಕೂಲಿಗೆ ದುಡಿಯುವವನು. ಇನ್ನು ‘ಫಾರ್ಮರ್ಲಿ ವೀವರ್’ ಅಂತಿದ್ದವನು ಕಸುಬನ್ನೇ ಬಿಟ್ಟಿದ್ದ. ಮೂವರೂ ನನ್ನ ಶೀಟಿನಲ್ಲಿ ಒಂದೇ ಆದರು.

ಕೋಡ್ ತಪ್ಪಿರಲಿಲ್ಲ. ಹಿಸ್ಕೋ ಕೋಡ್ ಹೇಳೋದು ಕೈ ಮಾಡುವ ಕೆಲಸವನ್ನು ಮಾತ್ರ. ಯಜಮಾನನೋ ಕೂಲಿಯವನೋ ಅನ್ನೋದಕ್ಕೆ, ಕೆಲಸ ಬಿಟ್ಟವನೋ ಅನ್ನೋದಕ್ಕೆ ಅದರಲ್ಲಿ ಬೇರೆಯೇ ಕಾಲಂಗಳಿವೆ. ಅವನ್ನು ನಾನು ಖಾಲಿ ಬಿಟ್ಟಿದ್ದೆ. ಮುಂದೆ ಇದೇ ಜನರನ್ನು ಹಿಸ್‌ಕ್ಲಾಸ್‌ನ, ಅಂದರೆ ಹಿಸ್ಕೋ ಕೋಡ್‌ಗಳನ್ನು ಸಾಮಾಜಿಕ ಮೆಟ್ಟಿಲುಗಳಾಗಿ ಜೋಡಿಸುವ ಪಟ್ಟಿಯ, 12 ವರ್ಗಗಳಲ್ಲಿ ಹಂಚುವಾಗ ಯಜಮಾನ, ಕೂಲಿಯವ ಇಬ್ಬರೂ ಒಂದೇ ಮೆಟ್ಟಿಲಿಗೆ ಬಂದು ನಿಂತರು. ಮಗ ಅಪ್ಪನಿಗಿಂತ ಮೇಲೆ ಬಂದನಾ ಅಂತ ಕೇಳುವ ಸಂಶೋಧನೆಗೆ ಇದಕ್ಕಿಂತ ಹೆಚ್ಚಿನ ಪೆಟ್ಟು ಬೇಕಾ? ಮೂಲ ಪದ ಎಲ್ಲೂ ಉಳಿದಿರಲಿಲ್ಲ. ಸ್ಕ್ಯಾನ್ ಮಾಡಿದ ಪುಟಗಳನ್ನು ಮೊದಲಿನಿಂದ ಓದಿದೆ.

ಈಗ ರಿಜಿಸ್ಟರ್‌ನಲ್ಲಿ ಇದ್ದದ್ದನ್ನು ಕಾಗುಣಿತ ತಪ್ಪಿದ್ದರೂ ಹಾಗೇ ಒಂದು ಕಾಲಂನಲ್ಲಿ ಇಡುತ್ತೇನೆ. ತಿದ್ದಿದ ಪದ ಪಕ್ಕದಲ್ಲಿ, ಕೋಡ್ ಆಮೇಲೆ.

ಇದರ ಉಪಯೋಗ ಬೇಗನೆ ಗೊತ್ತಾಯಿತು. ಒಂದು ಸಾಲಿನಲ್ಲಿ ಬರೀ ‘ಕ್ಲರ್ಕ್’ ಅಂತಿತ್ತು. ಆಫೀಸಿನ ಗುಮಾಸ್ತ ಅಂತ ಕೋಡ್ ಹಾಕುವವಳಿದ್ದೆ. ಆದರೆ ಆ ಕಾಲದ ಚರ್ಚಿನ ದಾಖಲೆಗಳಲ್ಲಿ ಪಾದ್ರಿಗೂ ಕ್ಲರ್ಕ್ ಅಂತಲೇ ಬರೆಯುತ್ತಿದ್ದರು. ಅದೇ ಸಾಲಿನ ಬೇರೆ ಕಾಲಂಗಳನ್ನು ನೋಡಿದೆ. ವಾಸದ ಜಾಗ ‘ವಿಕರೇಜ್’, ಅಂದರೆ ಪಾದ್ರಿಯ ಮನೆ. ಕೊನೆಯಲ್ಲಿ, ದೀಕ್ಷಾಸ್ನಾನ ಮಾಡಿಸಿದವರ ಕಾಲಂನಲ್ಲಿ, ಅದೇ ಹೆಸರು. ಅಪ್ಪನೇ ತನ್ನ ಮಗುವಿಗೆ ದೀಕ್ಷೆ ಕೊಟ್ಟು ಸಹಿ ಹಾಕಿದ್ದ.