ಯೇಸು ಯೆಹೂದಿಯಾಗಿದ್ದರೆ ಕ್ರೈಸ್ತ ಧರ್ಮ ಶುರುವಾದದ್ದು ಯಾವಾಗ?

ಪ್ರಾಚೀನ ಇತಿಹಾಸ ಓದುವವನು ಅಂತ ಗೊತ್ತಿರುವವರು ಮದುವೆ ಮನೆಯಲ್ಲಿ ಸಿಕ್ಕರೂ ನನ್ನನ್ನು ಕೇಳುವುದು ಇದನ್ನೇ: "ಯೇಸು ಯೆಹೂದಿ ಅಂತೀರಲ್ಲ, ಹಾಗಾದ್ರೆ ಕ್ರಿಶ್ಚಿಯನ್ ಧರ್ಮ ಶುರು ಮಾಡಿದ್ದು ಯಾರು, ಯಾವ ವರ್ಷ?" ಅವರಿಗೆ ಬೇಕಾಗಿರುವುದು ಒಂದು ಇಸವಿ. ನಾನು ಕೊಡಬಲ್ಲದ್ದು ಒಂದು ಊಟದ ಜಗಳ.

ಯೇಸು ಗಲಿಲಾಯದ ಯೆಹೂದಿ. ಎಂಟನೇ ದಿನಕ್ಕೆ ಸುನ್ನತಿಯಾಯಿತೆಂದು ಲೂಕನ ಸುವಾರ್ತೆಯೇ ಹೇಳುತ್ತದೆ. ಸಬ್ಬತ್ ಅಂದರೆ ವಾರದ ವಿಶ್ರಾಂತಿಯ ದಿನ ಯೆಹೂದಿಗಳ ಸಭಾಮಂದಿರ, ಪಸ್ಕ ಹಬ್ಬಕ್ಕೆ ಯೆರೂಸಲೇಮ್, ಇದು ಆತನ ಲೋಕ. ಆ ಲೋಕವೂ ಒಂದೇ ಅಚ್ಚಿನದಲ್ಲ. ಸತ್ತವರು ಎದ್ದುಬರುತ್ತಾರೆ ಎಂಬುದನ್ನು ಫರಿಸಾಯರು ಎಂಬ ಪಂಗಡದವರು ನಂಬುತ್ತಿದ್ದರು, ಸದ್ದುಕಾಯರು ಎಂಬ ಇನ್ನೊಂದು ಪಂಗಡದವರು ತಳ್ಳಿಹಾಕುತ್ತಿದ್ದರು. 1947ರಿಂದ ಮುಂದೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಹಳೆಯ ಯೆಹೂದಿ ಸುರುಳಿಗಳಲ್ಲಿ ಯೆರೂಸಲೇಮಿನ ಪುರೋಹಿತರ ಮೇಲೆಯೇ ಕಿಡಿಕಾರುವ ಬರಹಗಳಿವೆ. ಯೇಸುವೇ ಮೆಸ್ಸೀಯ, ಅಂದರೆ ಯೆಹೂದಿಗಳು ಕಾಯುತ್ತಿದ್ದ ರಕ್ಷಕ, ಎನ್ನುವವರು ಇವರ ನಡುವೆ ಮತ್ತೊಂದು ಗುಂಪು, ಅಷ್ಟೇ. ಆತನನ್ನು ಶಿಲುಬೆಗೇರಿಸಿದ ಮೇಲೂ ಶಿಷ್ಯರು ದಿನಾ ಯೆರೂಸಲೇಮಿನ ಯೆಹೂದಿ ದೇವಾಲಯಕ್ಕೆ ಹೋಗುತ್ತಿದ್ದರೆಂದು ಬೈಬಲಿನ 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ಧರ್ಮ ಬದಲಾಯಿಸಿದ್ದೇವೆಂಬ ಯೋಚನೆ ಅವರಲ್ಲಿ ಯಾರಿಗೂ ಇದ್ದಂತಿಲ್ಲ.

ತಕರಾರು ಎದ್ದದ್ದು ಯೆಹೂದಿಗಳಲ್ಲದವರು ಒಳಗೆ ಬಂದಾಗ. ಅಂತಿಯೋಕ್ಯ ಆಗ ಸಿರಿಯಾದ ದೊಡ್ಡ ಪಟ್ಟಣ. 'ಕ್ರೈಸ್ತರು' ಎಂಬ ಹೆಸರು ಮೊದಲು ಬಿದ್ದದ್ದೂ ಅಲ್ಲೇ. ಅಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದಿಗಳಲ್ಲದವರ, ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ, ಯೇಸುವಿನ ತಮ್ಮ ಯಾಕೋಬನ ಕಡೆಯ ಕೆಲವರು ಬಂದರು. ಪೇತ್ರ ಮೆಲ್ಲಗೆ ಆ ಪಂಕ್ತಿಯಿಂದ ಹಿಂದೆ ಸರಿದ. ಉಳಿದ ಯೆಹೂದಿಗಳೂ ಸರಿದರು, ಅನ್ಯಜನರಿಗೆ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನ ಜೊತೆಗಾರ ಬಾರ್ನಬ ಕೂಡ. ಪೌಲನಿಗೆ ರೇಗಿತು, ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡೆ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳುತ್ತಾನೆ. ಪಂಕ್ತಿಭೇದ ಕಂಡ ನಮ್ಮವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಯೇಸು ಮೆಸ್ಸೀಯ ಹೌದೋ ಅಲ್ಲವೋ ಎಂಬುದು ಅಲ್ಲಿ ಚರ್ಚೆಯೇ ಅಲ್ಲ, ಅದನ್ನು ಇಬ್ಬರೂ ಒಪ್ಪಿದ್ದರು. ಪ್ರಶ್ನೆ ಇದ್ದದ್ದು, ಸುನ್ನತಿಯಾಗದವನ ಪಕ್ಕ ಕೂತು ಉಣ್ಣಬಹುದೇ ಎಂದು. ಇಂಥದ್ದೇ ವಿಚಾರಕ್ಕೆ ಯೆರೂಸಲೇಮಿನಲ್ಲಿ ಪಂಚಾಯಿತಿಯೂ ಸೇರಿತು: ಸುನ್ನತಿ ಬೇಡ, ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕತ್ತು ಹಿಸುಕಿ ಕೊಂದದ್ದು, ಹಾದರ, ಇವನ್ನು ಬಿಡಬೇಕು.

"ಹಾಗಾದ್ರೆ ಪೌಲನೇ ಸ್ಥಾಪಕ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಾನು ಬೆನ್ಯಾಮೀನ ಕುಲದವನು, ಇಸ್ರಾಯೇಲನು ಎಂದು ರೋಮಿನವರಿಗೆ ಹೆಮ್ಮೆಯಿಂದ ಬರೆದವನು ಅವನು.

ದೊಡ್ಡ ಪೆಟ್ಟು ಹೊರಗಿನಿಂದ ಬಂತು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಯೆರೂಸಲೇಮಿನ ದೇವಾಲಯ ಸುಟ್ಟಿತು. ದೇವಾಲಯವನ್ನೇ ನೆಚ್ಚಿದ್ದ ಸದ್ದುಕಾಯರು ಇತಿಹಾಸದಿಂದ ಮರೆಯಾದರು. ಕೊನೆಗೆ ನಿಂತದ್ದು ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ದಾರಿ ಮತ್ತು ಯೇಸುವಿನವರ ದಾರಿ. ದೇವಾಲಯಕ್ಕೆ ಸಲ್ಲುತ್ತಿದ್ದ ಕಾಣಿಕೆಯ ಬದಲು ರೋಮಿನ ಜೂಪಿಟರ್ ಗುಡಿಗೆ ತೆರಿಗೆ ಕಟ್ಟುವಂತೆ ರೋಮನ್ ಚಕ್ರವರ್ತಿ ವೆಸ್ಪಾಸಿಯನ್ ಯೆಹೂದಿಗಳಿಗೆ ಆಜ್ಞೆ ಮಾಡಿದ. ಆಗ ಯಾರು ಯೆಹೂದಿ, ಯಾರಲ್ಲ ಎಂಬುದು ಸರ್ಕಾರಕ್ಕೂ ಬೇಕಾದ ಲೆಕ್ಕವಾಯಿತು. 132ರಿಂದ 135ರವರೆಗೆ ಬಾರ್ ಕೊಖ್ಬಾ ಎಂಬ ನಾಯಕನಡಿ ಯೆಹೂದಿಗಳು ರೋಮಿನ ವಿರುದ್ಧ ಎದ್ದ ದಂಗೆ ಸೋತ ಮೇಲೆ ಯೆಹೂದಿಗಳಿಗೆ ಯೆರೂಸಲೇಮಿನ ಬಾಗಿಲೇ ಮುಚ್ಚಿತು. ಅದುವರೆಗೆ ಅಲ್ಲಿನ ಬಿಷಪರು ಯೆಹೂದಿ ಮೂಲದವರೇ, ಆಮೇಲೆ ಅನ್ಯಜನರು ಎನ್ನುತ್ತಾನೆ ಚರ್ಚಿನ ಇತಿಹಾಸ ಬರೆದ ಯೂಸೆಬಿಯಸ್.

ಇಷ್ಟಾದರೂ ನಂಟು ಪೂರ್ತಿ ಕಡಿಯಲಿಲ್ಲ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪರ ಸಭೆಯ ಹೊತ್ತಿಗೂ ಕೆಲವು ಕಡೆಯ ಕ್ರೈಸ್ತರು ಈಸ್ಟರ್ ದಿನವನ್ನು ಯೆಹೂದಿಗಳ ಪಸ್ಕದ ಲೆಕ್ಕ ನೋಡಿಯೇ ಗೊತ್ತುಮಾಡುತ್ತಿದ್ದರು; ಸಭೆ ಅದನ್ನು ನಿಲ್ಲಿಸಿತು. 386-387ರಲ್ಲಿ ಅಂತಿಯೋಕ್ಯದಲ್ಲೇ ಜಾನ್ ಕ್ರಿಸೊಸ್ಟಮ್ ಎಂಬ ಪಾದ್ರಿ ಸರಣಿ ಪ್ರವಚನ ಮಾಡಿ ಕ್ರೈಸ್ತರನ್ನು ಬೈದ: ಯೆಹೂದಿಗಳ ಹಬ್ಬಕ್ಕೆ ಹೋಗಿ ತುತ್ತೂರಿ ಕೇಳುತ್ತೀರಿ, ಅವರ ಜೊತೆ ಉಪವಾಸ ಮಾಡುತ್ತೀರಿ ಅಂತ. ಆ ಬೈಗುಳದ ವಿಷ ಮುಂದೆ ಶತಮಾನಗಳ ಕಾಲ ಯೆಹೂದಿಗಳನ್ನು ಸುಟ್ಟಿತು. ಆದರೆ ಆ ಪ್ರವಚನಗಳಲ್ಲೇ ಒಂದು ಪ್ರಸಂಗವಿದೆ. ಒಬ್ಬ ಕ್ರೈಸ್ತ, ಒಬ್ಬ ಕ್ರೈಸ್ತ ಹೆಂಗಸನ್ನು ಆಣೆ ಮಾಡಿಸಲು ಸಭಾಮಂದಿರಕ್ಕೆ ಬಲವಂತವಾಗಿ ಕರೆದೊಯ್ಯುತ್ತಿದ್ದನಂತೆ. ಚರ್ಚ್ ಬಿಟ್ಟು ಅಲ್ಲಿಗೇಕೆ ಎಂದು ಕೇಳಿದರೆ, ಅಲ್ಲಿ ಇಟ್ಟ ಆಣೆಗೆ ಹೆಚ್ಚು ಭಯವಿದೆ ಅಂತ ಜನ ಹೇಳುತ್ತಾರೆ ಎಂದನಂತೆ. ಯೇಸು ಸತ್ತು 350 ವರ್ಷ ಕಳೆದಿತ್ತು.