ಸೂಜಿ 4,500 ತೋರಿಸುವಾಗ

ಜುಲೈ 9, 2024, ಮಂಗಳವಾರ

ಮಳೆ ಬಿಟ್ಟ ಮೇಲೆ ತಮ್ಮನ ಮಗಳ ಫೋನು. ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ; ನಾಡಿದ್ದು ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಚೆಕ್, ಅಂದರೆ ಹಾರಾಟದ ಪರೀಕ್ಷೆ ಅಂತೆ. "ದೊಡ್ಡಪ್ಪ, ಎಂಜಿನ್ ನಿಂತ್ರೆ ಸೆಸ್ನಾ 172 ಎಷ್ಟು ದೂರ ಹೋಗುತ್ತೆ ಅಂತ ಕೇಳಿದ್ರೆ, ಸಾವಿರ ಅಡಿಗೆ ಒಂದೂವರೆ ನಾಟಿಕಲ್ ಮೈಲಿ ಅಂದ್ರೆ ಸಾಕಲ್ವಾ?"

"ಯಾವ ಸಾವಿರ ಅಡಿ ಪುಟ್ಟಿ?"

ಆ ಕಡೆ ಮಾತಿಲ್ಲ.

ಅವಳು ಹಾರುವ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಕ್ಯೂಎನ್‌ಎಚ್ (ಸಮುದ್ರಮಟ್ಟದಿಂದ ಎತ್ತರ ತೋರಿಸುವಂತೆ ಇಡುವ ಒತ್ತಡದ ಲೆಕ್ಕ) ಹಾಕಿಕೊಂಡು ಹಾರುವಾಗ ಎತ್ತರ ತೋರಿಸುವ ಆಲ್ಟಿಮೀಟರ್ ಸೂಜಿ 4,500ರಲ್ಲಿದ್ದರೆ ಕೈಯಲ್ಲಿರುವುದು ಬರೀ 1,500 ಅಡಿ. ಗಾಳಿ ಇಲ್ಲದಿದ್ದರೆ, ಎಲ್ಲೂ ತಿರುಗದಿದ್ದರೆ, ನಾಲ್ಕು ಕಿಲೋಮೀಟರ್ ಚಿಲ್ಲರೆ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿ.ಮೀ.). ಸಮಯ ಎರಡು ನಿಮಿಷಕ್ಕೂ ಕಡಿಮೆ. ಈಗಿನ ಆಷಾಢದ ಗಾಳಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದರೆ, ಎದುರುಗಾಳಿ 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ಇದ್ದರೂ ಅದರಲ್ಲಿ ಸುಮಾರು ಒಂದು ಕಿಲೋಮೀಟರ್ ಹೋಯಿತು. ಎತ್ತರಕ್ಕೆ ಎಷ್ಟು ದೂರ ಅಂತ ತೋರಿಸುವ ಪುಸ್ತಕದ ಗೆರೆಗೆ ಇದ್ಯಾವುದೂ ಗೊತ್ತಿಲ್ಲ.

"ಸರಿ, ಮೊದಲು ಏನು ಮಾಡ್ತೀಯ?" ಅಂದೆ. ಫ್ಯುಯೆಲ್ ಸೆಲೆಕ್ಟರ್ (ಯಾವ ಟ್ಯಾಂಕಿನ ಪೆಟ್ರೋಲು), ಮಿಕ್ಸ್ಚರ್ (ಪೆಟ್ರೋಲು-ಗಾಳಿಯ ಪ್ರಮಾಣ), ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಕೊಡುವುದು) ಅಂತ ಮಗ್ಗಿ ಒಪ್ಪಿಸಿದಳು. ಅಲ್ಲ. ಮೊದಲು ವಿಮಾನದ ಮೂಗು. ಕ್ಲೈಂಬ್‌ನಲ್ಲಿ ಎಂಜಿನ್ ನಿಂತರಂತೂ ವೇಗ ಕೆಲವೇ ಸೆಕೆಂಡಿನಲ್ಲಿ ಕರಗುತ್ತದೆ. ಮೂಗನ್ನು ಮುಲಾಜಿಲ್ಲದೆ ಕೆಳಗೆ ಒತ್ತಬೇಕು. ಅತಿ ದೂರ ತೇಲುವ ವೇಗವಾದ 65 ನಾಟ್ ಹಿಡಿ, ಕೈ ಒತ್ತದೆಯೂ ಅದೇ ವೇಗ ನಿಲ್ಲುವಂತೆ ಟ್ರಿಮ್ ಮಾಡು, ಗಾಳಿ ಎತ್ತಲಿಂದ ಅಂತ ನೋಡು, ಹೊಲ ಆರಿಸು. ಆಮೇಲೆ ಕಾರಣ ಹುಡುಕು.

ಒಂದಕ್ಕೆ ಮಾತ್ರ ತಡ ಸಲ್ಲದು: ಕಾರ್ಬ್ ಹೀಟ್, ಅಂದರೆ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಗುಂಡಿ. ಅವಳು ಹಾರಿಸುವುದು ಪೆಟ್ರೋಲು-ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ 172. ಹೊರಗೆ 22 ಡಿಗ್ರಿ ಇದ್ದರೂ ಪೆಟ್ರೋಲು ಆವಿಯಾಗುವಾಗ ಕಾರ್ಬುರೇಟರ್ ಒಳಗೆ 20 ಡಿಗ್ರಿಗಿಂತ ಹೆಚ್ಚು ತಂಪಾಗಬಹುದು; ಇಂಥ ತೇವದ ಹವೆಯಲ್ಲಿ ಮಂಜು ಕಟ್ಟಲು ಅಷ್ಟು ಸಾಕು. ಅದನ್ನು ಕರಗಿಸುವ ಬಿಸಿ ಬರುವುದು ಎಗ್ಸಾಸ್ಟ್ ಕೊಳವೆಯ ಸುತ್ತಲಿಂದ. ಎಂಜಿನ್ ಸತ್ತ ಮೇಲೆ ಆ ಕೊಳವೆ ಬೇಗ ಆರುತ್ತದೆ, ಆಮೇಲೆ ಎಳೆದು ಫಲವಿಲ್ಲ. ಎಂಜಿನ್ ಇನ್ನೂ ಕೆಮ್ಮುತ್ತಿದ್ದರೆ, ಹೀಟ್ ಎಳೆದೊಡನೆ ಕರಗಿದ ನೀರು ಒಳಗೆ ಹೋಗಿ ಇನ್ನಷ್ಟು ಒರಟಾಗುತ್ತದೆ. ಎಷ್ಟೋ ಜನ ಅಲ್ಲೇ ಹೆದರಿ ಗುಂಡಿಯನ್ನು ವಾಪಸ್ ಒತ್ತಿಬಿಡುತ್ತಾರೆ.

ಅವಳ ತಲೆಯಲ್ಲಿ ಇನ್ನೊಂದು ಹುಳ: ಟೇಕಾಫ್ ಆದ ಮೇಲೆ 500 ಅಡಿಯಲ್ಲಿ ನಿಂತರೆ ರನ್‌ವೇಗೇ ತಿರುಗಿ ಬರಬಹುದಲ್ಲ? 30 ಡಿಗ್ರಿ ವಾಲಿಸಿ ಅರ್ಧ ಸುತ್ತು ಬರಲು ಸುಮಾರು 20 ಸೆಕೆಂಡ್ ಬೇಕು, ಬಂದಾಗ ರನ್‌ವೇ ರೇಖೆಯಿಂದ ಸುಮಾರು 450 ಮೀಟರ್ ಪಕ್ಕದಲ್ಲಿರುತ್ತೀಯ. ಅಲ್ಲಿಂದ ಇನ್ನೂ ತಿರುಗಿ, ಮತ್ತೆ ಎದುರು ತಿರುಗಿ ನೇರ ಮಾಡಿಕೊಳ್ಳಬೇಕು. 500 ಅಡಿ ಅಷ್ಟರಲ್ಲೇ ಮುಗಿದಿರುತ್ತದೆ. ಬೇಗ ತಿರುಗಲೆಂದು 60 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ (ಅದಕ್ಕಿಂತ ಕೆಳಗಿಳಿದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯದು) 1.4 ಪಟ್ಟು. ಮುಂದೆ ಇರುವುದರಲ್ಲೇ, ಎಡಕ್ಕೋ ಬಲಕ್ಕೋ 30 ಡಿಗ್ರಿ ಒಳಗೆ ಇಳಿ. ಇದರಲ್ಲಿ ಚೌಕಾಸಿ ಇಲ್ಲ.

ಅದಕ್ಕೇ ಹೊಲಗಳನ್ನು ಮೊದಲೇ ಓದಿಕೊಂಡಿರಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಮೇಲಿನಿಂದ ಹಸಿರು ಜಮಖಾನೆಯಂತೆ ಕಾಣುವುದು ದ್ರಾಕ್ಷಿ ಚಪ್ಪರ. ಎಲೆಯಡಿ ಕಲ್ಲುಕಂಬ, ಬಿಗಿದ ತಂತಿ. ಕೆರೆಯಂಗಳ ಸಮತಟ್ಟು, ಆದರೆ ಈಗ ಕೆಸರು. ರಾಗಿಗೆ ಉತ್ತ ಹೊಲವೇ ವಾಸಿ, ಸಾಲಿನ ಉದ್ದಕ್ಕೆ ಇಳಿಯುವುದಾದರೆ. ಅಡ್ಡ ಹೋದರೆ ಬದುವಿಗೆ ಮೂಗುಚಕ್ರ ಮುರಿದು ಮಗುಚುತ್ತದೆ. ಕರೆಂಟ್ ತಂತಿ ಕಾಣುವುದಿಲ್ಲ, ಕಂಬ ಹುಡುಕು.

ಹೊಲ ಖಾತ್ರಿ ಆಗುವ ತನಕ ಫ್ಲ್ಯಾಪ್ (ಬೇಗ ಇಳಿಯಲು ರೆಕ್ಕೆಯ ಹಿಂಬದಿಯಿಂದ ಇಳಿಸುವ ಪಟ್ಟಿ) ಮುಟ್ಟಬೇಡ. ಸ್ವಲ್ಪ ಹೆಚ್ಚಾದ ಎತ್ತರವನ್ನು ಇಳಿಸಲು ದಾರಿ ಉಂಟು, ಕಡಿಮೆಯಾದದ್ದನ್ನು ತರಲು ಎಲ್ಲಿಂದಲೂ ಆಗದು. ಮುಟ್ಟುವುದಿಲ್ಲ ಅನ್ನಿಸಿ ಮೂಗು ಎತ್ತಿದರೆ ಇನ್ನೂ ಬೇಗ ಕುಸಿಯುತ್ತೀಯ. ಕೊನೆಗೆ ಮಿಕ್ಸ್ಚರ್ ಗುಂಡಿ ಪೂರ್ತಿ ಹೊರಗೆ, ಫ್ಯುಯೆಲ್ ಆಫ್, ಮ್ಯಾಗ್ನೆಟೋ ಆಫ್. ಮಾಸ್ಟರ್ ಸ್ವಿಚ್ ಮಾತ್ರ ಫ್ಲ್ಯಾಪ್ ಇಳಿದ ಮೇಲೆ, ಯಾಕೆಂದರೆ ಆ ಫ್ಲ್ಯಾಪ್ ಓಡುವುದೇ ಕರೆಂಟಿನಲ್ಲಿ. ನೆಲ ತಾಗುವ ಮುಂಚೆ ಬಾಗಿಲಿನ ಚಿಲಕ ತೆಗೆದಿರಲಿ. ಚೌಕಟ್ಟು ನುಗ್ಗಾದರೆ ಬಾಗಿಲು ಕಚ್ಚಿಕೊಳ್ಳುತ್ತದೆ.

ಊಟ ಆಯಿತು. ಈಗ ಮೆಸೇಜು: ಗಾಳಿಗೆ ಸುತ್ತುತ್ತಿರುವ ಪ್ರೊಪೆಲ್ಲರನ್ನು ನಿಲ್ಲಿಸಿಬಿಟ್ಟರೆ ಇನ್ನೂ ದೂರ ಹೋಗಬಹುದಂತೆ, ನಿಜವಾ? ನಿಜ, ನಿಂತ ಪ್ರೊಪೆಲ್ಲರ್ ಕಮ್ಮಿ ತಡೆಯುತ್ತದೆ. ಆದರೆ ಅದನ್ನು ನಿಲ್ಲಿಸಲು ವೇಗವನ್ನು ಸ್ಟಾಲ್ ಹತ್ತಿರಕ್ಕೆ ಇಳಿಸಬೇಕು, ಮತ್ತೆ 65 ಆಗಲು ಮೂಗು ಬಗ್ಗಿಸಬೇಕು, ಅದಕ್ಕೆ ಹೋಗುವ ಎತ್ತರ ಉಳಿಸಿದ್ದಕ್ಕಿಂತ...