ಪ್ಲೇಗ್ ಕಾಲದ ಬೆಂಗಳೂರಿನ ನಕ್ಷೆ: ಐದನೇ ತಿಂಗಳ ಲೆಕ್ಕ

ಹೋದ ತಿಂಗಳು "ಇನ್ನು ಎರಡೇ ಹಾಳೆ ಬಾಕಿ" ಅಂತ ಜಂಬ ಕೊಚ್ಚಿಕೊಂಡಿದ್ದೆ. ಈಗ ಮೂರು ಬಾಕಿ ಇವೆ. ಕೆಲಸ ಮಾಡಿದಷ್ಟೂ ಜಾಸ್ತಿ ಆಗೋ ಕೆಲಸ ಇದು.

ಗೊತ್ತಿಲ್ಲದವರಿಗೆ ಒಂದು ಮಾತು. ಊಟದ ಮೇಜಿನಷ್ಟು ದೊಡ್ಡ ಬೆಂಗಳೂರು ನಕ್ಷೆ ಬರೆಯುತ್ತಿದ್ದೇನೆ. ಅದರ ಮೇಲೆ ಒಂದರ ಮೇಲೊಂದು ಟ್ರೇಸಿಂಗ್ ಹಾಳೆ. 1890ರಿಂದ 1910ರ ಆಸುಪಾಸಿನಲ್ಲಿ ಈ ಊರಿಗೆ ನೀರು ಎಲ್ಲಿಂದ ಬಂತು, ಕಾಯಿಲೆ ಯಾವ ದಾರಿ ಹಿಡಿದು ಬಂತು, ಹೊಲಸು ಯಾವ ಕಡೆಯಿಂದ ಹೊರಗೆ ಹೋಯಿತು, ಇಷ್ಟೇ ಅದರಲ್ಲಿ ಇರೋದು. ಹಾಳೆ ಎತ್ತಿದರೆ ಇವತ್ತಿನ ರಸ್ತೆ, ಇಳಿಸಿದರೆ ಅವತ್ತಿನ ಊರು.

ನೀರಿನ ಹಾಳೆ ಮುಗಿಯಿತು. ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣದ ಮೇಲೆ, ಸಂಪಂಗಿ ಕೆರೆಯನ್ನು ಕಂಠೀರವ ಸ್ಟೇಡಿಯಂ ಮೇಲೆ ಬರೆದೆ. ಹಲಸೂರು ಕೆರೆ, 1882ರ ಸ್ಯಾಂಕಿ ಕೆರೆ ಎರಡೂ ಈಗಲೂ ಇರೋದರಿಂದ ಸುಲಭ ಆಯಿತು. ತೊಂದರೆ ಕೊಟ್ಟಿದ್ದು ಹೆಸರಘಟ್ಟ. 1894ರಲ್ಲಿ ಅರ್ಕಾವತಿಗೆ ಅಡ್ಡವಾಗಿ ಕಟ್ಟಿದ ಆ ಕೆರೆಯಿಂದ 1896ರ ಹೊತ್ತಿಗೆ ಊರಿಗೆ ನೀರು ಬಂತು. ಅದು ಇರೋದು ಊರಿಂದ ಸುಮಾರು 18 ಕಿಲೋಮೀಟರ್ ದೂರ, ನನ್ನ ಕಾಗದದಾಚೆ. ಕೊನೆಗೆ ವಾಯವ್ಯ ಮೂಲೆಗೆ ಉದ್ದನೆ ಪಟ್ಟಿ ಅಂಟಿಸಿದೆ. ಈಗ ನಕ್ಷೆಗೆ ಬಾಲ ಬಂದಿದೆ.

ಎರಡನೇ ಹಾಳೆ ಗಡಿಯದು. ಬೆಂಗಳೂರು ಆಗ ಒಂದು ಊರಲ್ಲ, ಎರಡು. 1862ರಿಂದಲೇ ಎರಡು ಮುನಿಸಿಪಾಲಿಟಿ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ಸಾದ ಮೇಲೆ ಪೇಟೆ, ಅಂದರೆ ಹಳೇ ಊರು, ಮಹಾರಾಜರ ಸರ್ಕಾರಕ್ಕೆ; ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರಿಗೆ. ಒಂದೇ ಊರಿನ ಚರಂಡಿಗೆ, ಕಸಕ್ಕೆ, ಕಾಯಿಲೆಗೆ ಇಬ್ಬರು ದೊರೆಗಳು, ನಡುವೆ ಕಬ್ಬನ್ ಪಾರ್ಕು. ಪೇಟೆಗೆ ನೀಲಿ, ದಂಡಿಗೆ ಕೆಂಪು ಶಾಯಿ ಅಂತ ಶುರು ಮಾಡಿದೆ. ಟ್ರೇಸಿಂಗ್ ಹಾಳೆಗೆ ನೀರು ಸೇರಿದ ಶಾಯಿ ಆಗಲ್ಲ ಅಂತ ಯಾರೂ ಹೇಳಿರಲಿಲ್ಲ. ಕೆಂಪು ಹರಡಿ ಹರಡಿ ಪಾರ್ಕು ಪೂರ್ತಿ ದಂಡಿನ ಪಾಲಾಯಿತು. ಹಾಳೆ ಬಿಸಾಕಿ ಬಣ್ಣದ ಪೆನ್ಸಿಲ್‌ನಲ್ಲಿ ಮತ್ತೆ ಮಾಡಬೇಕು.

ಈ ತಿಂಗಳು ಜಾಸ್ತಿ ಹೊತ್ತು ಹಿಡಿದಿದ್ದು ಪ್ಲೇಗ್ ಹಾಳೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ರೈಲು ದಾರಿಯಲ್ಲೇ ಇಳಿಯುತ್ತಾ ಬಂದು, 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ಬೆಂಗಳೂರು ತಲುಪಿತು. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ರೈಲು ನಿಲ್ದಾಣದಲ್ಲಿ ತಪಾಸಣೆ, ಕಾಯಿಲೆ ಬಂದ ಮನೆಯವರನ್ನು ಊರಾಚೆಯ ಶೆಡ್ಡಿಗೆ ಸಾಗಿಸೋದು, ಬಿಸಿಲು ಬೀಳಲಿ ಅಂತ ಹೆಂಚು ತೆಗೆಸೋದು, ಔಷಧಿ ನೀರು ಬಳಿಸೋದು. ಇಲಿ ಮೇಲಿನ ಚಿಗಟ ಪ್ಲೇಗ್ ಹರಡುತ್ತೆ ಅಂತ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ತೋರಿಸಿದ್ದೂ 1898ರಲ್ಲೇ, ಕರಾಚಿಯಲ್ಲಿ. ಆದರೆ ಅವರ ಮಾತನ್ನು ಎಲ್ಲರೂ ಒಪ್ಪೋಕೆ ಇನ್ನೂ ಹತ್ತು ವರ್ಷದ ಹತ್ತಿರ ಹಿಡಿಯಿತು. ಅಲ್ಲಿಯವರೆಗೆ ಅಧಿಕಾರಿಗಳು ಗಾಳಿ ಬೆಳಕು, ಕೊಳಕು ಅಂತ ಮನುಷ್ಯರ ಬೆನ್ನು ಹತ್ತಿದ್ದರು. ತರಗುಪೇಟೆ, ಅಕ್ಕಿಪೇಟೆಯ ಕಾಳಿನ ಮಂಡಿಗಳಲ್ಲಿ ಇಲಿಗಳು ತಮ್ಮ ಪಾಡಿಗೆ ತಾವು ಸಂಸಾರ ಮಾಡಿಕೊಂಡಿದ್ದವು.

ಸತ್ತವರಿಗೆ ಮನೆ ಮನೆ ಲೆಕ್ಕದಲ್ಲಿ ಚುಕ್ಕಿ ಇಡುವ ಯೋಚನೆ ಮೊದಲು ಇತ್ತು. ಅದನ್ನು ಬಿಟ್ಟು ಜನಗಣತಿ ಹಿಡಿದೆ. ಪೇಟೆ ಕಡೆ 1891ರಲ್ಲಿ 80,285 ಜನ, 1901ರಲ್ಲಿ 69,447. ದಂಡಿನಲ್ಲಿ 1,00,081 ಇದ್ದದ್ದು 89,599ಕ್ಕೆ ಇಳಿಯಿತು. ರಾತ್ರಿ ಸುಮ್ನೆ ಕಳೆದು ನೋಡಿದೆ. ಪೇಟೆಯಲ್ಲಿ 10,838 ಕಡಿಮೆ, ದಂಡಿನಲ್ಲಿ 10,482. ಇವರೆಲ್ಲ ಸತ್ತವರಲ್ಲ, ಹೆದರಿ ಊರು ಬಿಟ್ಟವರೂ ಸೇರಿದ್ದಾರೆ. ಆದರೂ ಎರಡು ಸರ್ಕಾರ, ಎರಡು ಕಾನೂನು, ನಡುವೆ ಅಷ್ಟು ದೊಡ್ಡ ಪಾರ್ಕು ಇದ್ದೂ ಕಳೆದುಕೊಂಡದ್ದು ಹೆಚ್ಚು ಕಡಿಮೆ ಒಂದೇ! ಗಡಿ ಹಾಳೆಗೆ ಎರಡು ವಾರ ಸುರಿದವನಿಗೆ ಇದು ಸ್ವಲ್ಪ ಕಹಿಯಾಯಿತು.

ಇನ್ನೊಂದು ವಿಷಯ. ವಿಕ್ಟೋರಿಯಾ ಆಸ್ಪತ್ರೆಗೆ ಗುರುತು ಹಾಕುವಾಗ ತಾರೀಖು ನೋಡಿದೆ. ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದ ನೆನಪಿಗೆ 1897ರ ಜೂನ್ 22ರಂದು ಆಗ ಮೈಸೂರಿನ ರಾಜ್ಯಭಾರ ನೋಡುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಅದಕ್ಕೆ ಅಡಿಗಲ್ಲು ಹಾಕಿದರು. ಅದೇ ದಿನ ರಾತ್ರಿ ಪುಣೆಯಲ್ಲಿ, ಅದೇ ಸಂಭ್ರಮ ಮುಗಿಸಿ ಹೊರಟಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಪ್ಲೇಗ್ ರೋಗಿಗಳಿದ್ದಾರಾ ಅಂತ ಮನೆಗೆ ನುಗ್ಗಿ ಹುಡುಕುವ ಅಲ್ಲಿನ ಪದ್ಧತಿಗೆ ಜನ ಅಷ್ಟು ರೋಸಿಹೋಗಿದ್ದರು. ನಕ್ಷೆಯಲ್ಲಿ ಇದಕ್ಕೆ ಜಾಗ ಇಲ್ಲ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ನಾಲ್ಕನೇ ಹಾಳೆ ಬಡಾವಣೆಗಳದು. ಇಲ್ಲಿ ನಾನೇ ತಿದ್ದಿಕೊಂಡ ಒಂದು ತಪ್ಪಿದೆ. ಬಸವನಗುಡಿ, ಮಲ್ಲೇಶ್ವರ ಎರಡೂ ಪ್ಲೇಗಿನಿಂದ ಹುಟ್ಟಿದವು ಅಂತ ನಂಬಿದ್ದೆ. ಅವುಗಳ ಯೋಜನೆ ಪ್ಲೇಗಿಗೆ ಮೊದಲೇ ಶುರುವಾಗಿತ್ತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಅಲ್ಲಿಗೆ ಹೋಗಿ ತುಂಬಿದ್ದು ಪ್ಲೇಗ್ ಆದ ಮೇಲೆ. ದಂಡಿನ ಕಡೆ ಫ್ರೇಜರ್ ಟೌನ್ ಮಾತ್ರ ನಿಜವಾಗಿ ಪ್ಲೇಗಿನ ಕೂಸು. ಇಲಿ ಸೇರದಂಥ ಮನೆ ಕಟ್ಟಬೇಕು ಅಂತ ಹಟ ಹಿಡಿದ ಅಧಿಕಾರಿ ಜೆ. ಎಚ್. ಸ್ಟೀಫನ್ಸ್ ಅದರ ಹಿಂದಿದ್ದರು. ಹೆಸರು ಮಾತ್ರ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಅವರದು.

ಈ ಹಾಳೆ ಮುಗಿಸೋಕೆ ಎರಡು ಭಾನುವಾರ ಬಸವನಗುಡಿ ಸುತ್ತಿದೆ. ನೇರ ರಸ್ತೆ, ಅಗಲ ನಿವೇಶನ, ಎಲ್ಲ ಸರಿ ಹೊಂದಿತು. ಆದರೆ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದೊಂದು ಕಡೆ ಒಂದು ಬಿಳಿ ಗೆರೆ ಉಳಿದುಬಿಡುತ್ತಿತ್ತು. ನನ್ನ ಸ್ಕೇಲೇ ತಪ್ಪಿರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಅದು ಕನ್ಸರ್ವೆನ್ಸಿ ಓಣಿ, ಅಂದರೆ ಹೊಲಸು ಸಾಗಿಸೋಕೆ ಬಿಟ್ಟ ಹಿತ್ತಲ ದಾರಿ! ಹೆಜ್ಜೆ ಹಾಕಿ ಅಳೆಯುತ್ತಿದ್ದಾಗ ಒಂದು ಹಿತ್ತಲ ಬಾಗಿಲು ತೆರೆಯಿತು.

"ಏನಪ್ಪಾ ಅಳೀತಿದೀಯ? ಕಾರ್ಪೊರೇಷನ್ನಿಂದ ಬಂದಿದೀಯಾ?"

"ಇಲ್ಲ ಅಜ್ಜಿ, ಸುಮ್ನೆ. ಹಳೇ ನಕ್ಷೆ ಬರೀತಿದೀನಿ."

ಅಜ್ಜಿ ಗೋಡೆಯ ಬುಡ ತೋರಿಸಿದರು. ಸಿಮೆಂಟು ಮೆತ್ತಿ ಮುಚ್ಚಿದ ಒಂದು ಕಿಂಡಿ. "ಅಲ್ಲಿಂದ ಡಬ್ಬ ಎಳ್ಕೊಂಡು ತಲೆ ಮೇಲೆ ಹೊತ್ಕೊಂಡು ಹೋಗೋರು. ನಾನು ಚಿಕ್ಕೋಳಾಗಿದ್ದಾಗ. ನಾವು ಏಳೋದರೊಳಗೆ ಬಂದು ಹೋಗಿರೋರು. ಒಂದು ದಿನಾನೂ ಮುಖ ನೋಡಿದ್ದು ನೆನಪಿಲ್ಲ ನೋಡು."

ಬಸವನಗುಡಿಯ ಅಂದಕ್ಕೆ ಕಾರಣ ಅಂತ ನಾನು ಬರೆದಿಟ್ಟಿದ್ದ ಅಗಲ ರಸ್ತೆ, ಮುಂದಿನ ಅಂಗಳ ಎಲ್ಲವೂ ಈ ಕಿಂಡಿಯ ಮೇಲೆ ನಿಂತಿದ್ದವು. ಮಲದ ಡಬ್ಬ ಮುಂದಿನ ಬಾಗಿಲಿಗೆ ಬರಬಾರದು, ಅದನ್ನು ಎತ್ತುವವರೂ ಬರಬಾರದು. ಅದಕ್ಕೆ ಅಂತಲೇ ಪ್ಲಾನಿನಲ್ಲಿ ಒಂದು ದಾರಿ. ರೆಸಿಡೆಂಟರಿಗೆ ಒಂದು ಟೌನು ಸಿಕ್ಕಿತು. ಈ ಓಣಿಗೆ ಒಂದು ನಂಬರ್ ಕೂಡ ಇಲ್ಲ.

ಹಾಗಾಗಿ ಐದನೇ ಹಾಳೆಯೊಂದು ಹುಟ್ಟಿಕೊಂಡಿತು, ಬರೀ ಓಣಿಗಳಿಗೆ. ಈವರೆಗೆ ಹನ್ನೊಂದು ಓಣಿ ಬರೆದಿದ್ದೇನೆ. ಕೆಲವಕ್ಕೆ ಗೇಟು ಬಿದ್ದಿದೆ, ಕೆಲವು ಸ್ಕೂಟರ್ ನಿಲ್ಲಿಸೋ ಜಾಗ, ಒಂದರಲ್ಲಿ ಯಾರೋ ಕರಿಬೇವು ಬೆಳೆಸಿದ್ದಾರೆ. ಇದನ್ನು ಎಲ್ಲಕ್ಕಿಂತ ಮೇಲಿನ ಹಾಳೆ ಮಾಡುತ್ತಿದ್ದೇನೆ, ಅದಕ್ಕೇ ಹಾಳೆಗಳು ಒಂದರ ಮೇಲೊಂದು ಸರಿಯಾಗಿ ಕೂರೋಕೆ ಉಳಿದವುಗಳ ತೂತು ಮತ್ತೆ ಕೊರೆಯಬೇಕು. ಗಡಿ ಹಾಳೆ ಹೊಸದಾಗಿ ಆಗಬೇಕು, ಬಡಾವಣೆ ಹಾಳೆಯಲ್ಲಿ ಮಲ್ಲೇಶ್ವರ ಬಾಕಿ. ಅಜ್ಜಿ ಬರೋ ಭಾನುವಾರ ಕಾಫಿಗೆ ಕರೆದಿದ್ದಾರೆ. "ಹಿಂದಿನ ಬಾಗಿಲಿಂದಲೇ ಬಾ, ಬೆಲ್ಲು ಕೆಟ್ಟಿದೆ" ಅಂದರು.